ಸ್ಕೀ ರೆಸಾರ್ಟಿನ ಬಿಲ್ಲಿಗೆ ಕೊನೆಯಲ್ಲಿ ಸೇರುವ ಶುಲ್ಕಗಳು: ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ನಾವು ಡೆನ್ವರ್‌ನಲ್ಲಿದ್ದೇವೆ. ಮೈಸೂರಿನಿಂದ ಬಂದಿದ್ದ ಅತ್ತೆ ಮಾವನವರನ್ನೂ ಕರೆದುಕೊಂಡು ಈ ಚಳಿಗಾಲದಲ್ಲಿ ಕೊಲರಾಡೊದ ಒಂದು ಸ್ಕೀ ರೆಸಾರ್ಟಿನಲ್ಲಿ ಎರಡು ರಾತ್ರಿ ತಂಗಿದ್ದೆವು. ಬಾಡಿಗೆಯನ್ನು ಆನ್‌ಲೈನಿನಲ್ಲಿ ಮೊದಲೇ ಕಟ್ಟಿದ್ದೆವು. ಹೊರಡುವ ಬೆಳಿಗ್ಗೆ ಕೊಟ್ಟ ಬಿಲ್ಲಿನಲ್ಲಿ ದಿನಕ್ಕೆ 45 ಡಾಲರಿನಂತೆ ರೆಸಾರ್ಟ್ ಫೀ, 40 ಡಾಲರಿನಂತೆ ಪಾರ್ಕಿಂಗ್ ಮತ್ತು ಬೂಟು ಇಟ್ಟ ಲಾಕರಿನ ಬಾಡಿಗೆ ಸೇರಿದ್ದವು. ರೆಸಾರ್ಟ್ ಫೀ ಏತಕ್ಕೆಂದು ಕೇಳಿದರೆ ವೈಫೈ, ಹಾಟ್ ಟಬ್ ಮತ್ತು ಕೋಣೆಯಲ್ಲಿಟ್ಟ ಕಾಫಿಗೆ ಎಂದರು. ಮಾವನವರು ಸ್ಕೀ ಮಾಡಲಿಲ್ಲ, ಹಾಟ್ ಟಬ್ಬಿಗೆ ಇಳಿಯಲಿಲ್ಲ, ಕಾಫಿಯನ್ನು ನಾವೇ ಮನೆಯಿಂದ ಫಿಲ್ಟರ್ ಸಮೇತ ಒಯ್ದಿದ್ದೆವು. ಹೀಗೆ ವಸೂಲಿ ಮಾಡುವುದು ಕಾನೂನಿಗೆ ಸರಿಯೇ? ಹಣ ಮರಳಿ ಸಿಕ್ಕೀತೇ?

ಉತ್ತರ: ನಮಸ್ಕಾರ ಮೇಡಂ. ಹೋಟೆಲುಗಳಲ್ಲಿ ದರ ನಿಗದಿ ಮಾಡುವ ವಿಭಾಗದಲ್ಲಿ ಹಲವು ವರ್ಷ ದುಡಿದವನಾದ್ದರಿಂದ ಮೊದಲು ಒಳಗಿನ ಲೆಕ್ಕವನ್ನು ಹೇಳುತ್ತೇನೆ. ಪ್ರವಾಸಿಗರು ಬುಕಿಂಗ್ ತಾಣದಲ್ಲಿ ಕಡಿಮೆ ಬೆಲೆಯ ಕೋಣೆಯನ್ನೇ ಮೊದಲು ನೋಡುತ್ತಾರೆ. 300 ಡಾಲರಿನ ಕೋಣೆಯನ್ನು 255 ಎಂದು ತೋರಿಸಿ, ಉಳಿದ 45ಕ್ಕೆ ಬೇರೆ ಹೆಸರಿಟ್ಟರೆ ಪಟ್ಟಿಯಲ್ಲಿ ಮೇಲಿನ ಜಾಗ ಸಿಗುತ್ತದೆ. ಅದರ ಜೊತೆಗೆ ಬುಕಿಂಗ್ ತಾಣಗಳ ಕಮಿಷನ್ನನ್ನು ಬಹುಕಾಲ ಬಾಡಿಗೆಯ ಮೇಲಷ್ಟೇ ಲೆಕ್ಕ ಹಾಕುತ್ತಿದ್ದುದರಿಂದ ಆ 45 ಡಾಲರು ಪೂರ್ತಿಯಾಗಿ ಹೋಟೆಲಿಗೇ ಉಳಿಯುತ್ತಿತ್ತು. ನಿಮ್ಮ ಮಾವನವರು ಹಾಟ್ ಟಬ್ಬಿಗೆ ಇಳಿದರೋ ಇಲ್ಲವೋ ಎಂಬುದು ಈ ಲೆಕ್ಕದೊಳಗೆ ಬರುವುದೇ ಇಲ್ಲ. ಬಾಡಿಗೆಯ ಒಂದು ತುಂಡನ್ನು ಕತ್ತರಿಸಿ ಕೊನೆಯ ಪುಟದಲ್ಲಿಡುವ ಈ ಪದ್ಧತಿ ನನಗೆ ಅಂದೂ ಒಪ್ಪಿಗೆಯಾಗಿರಲಿಲ್ಲ, ಇಂದೂ ಇಲ್ಲ.

ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಇದರ ಬಗ್ಗೆಯೇ ಒಂದು ನಿಯಮ ಮಾಡಿದ್ದು, ಅದು 2025ರ ಮೇ 12ರಿಂದ ಜಾರಿಯಲ್ಲಿದೆ. ಶುಲ್ಕ ಹಾಕಲೇಬಾರದೆಂದು ಅದು ಹೇಳುವುದಿಲ್ಲ. ತಂಗುವವರು ತಪ್ಪಿಸಿಕೊಳ್ಳಲಾಗದ ಶುಲ್ಕಗಳನ್ನೆಲ್ಲ ಕೂಡಿಸಿದ ಒಟ್ಟು ಬೆಲೆಯನ್ನು, ಬೆಲೆ ತೋರಿಸುವ ಮೊದಲ ಹಂತದಲ್ಲೇ, ಉಳಿದ ಅಂಕಿಗಳಿಗಿಂತ ಎದ್ದು ಕಾಣುವಂತೆ ತೋರಿಸಬೇಕು ಎನ್ನುತ್ತದೆ. ಸರ್ಕಾರಿ ತೆರಿಗೆಯನ್ನು ಮಾತ್ರ ಹೊರಗಿಡಬಹುದು. ಕ್ಯಾಲಿಫೋರ್ನಿಯದಲ್ಲಿ 2024ರ ಜುಲೈ 1ರಿಂದಲೂ, ನಿಮ್ಮ ಕೊಲರಾಡೊದಲ್ಲಿ 2026ರ ಜನವರಿ 1ರಿಂದಲೂ ಇದೇ ಧಾಟಿಯ ರಾಜ್ಯ ಕಾನೂನುಗಳು ಇವೆ.

ಆದ್ದರಿಂದ ನೀವು ಮೊದಲು ಬುಕಿಂಗ್ ದೃಢಪಡಿಸಿದ ಮೇಲ್ ತೆರೆದು ನೋಡಬೇಕು. ಅಲ್ಲಿನ ಒಟ್ಟು ಮೊತ್ತದಲ್ಲಿ ರೆಸಾರ್ಟ್ ಫೀ ಸೇರಿದ್ದು, ಅದನ್ನು ಹೋಟೆಲಿನಲ್ಲಿ ಕಟ್ಟಬೇಕೆಂದು ಬರೆದಿದ್ದರೆ ಹಣ ಮರಳುವುದು ಕಷ್ಟ. ಕ್ರೆಡಿಟ್ ಕಾರ್ಡ್ ಬ್ಯಾಂಕಿಗೆ ತಕರಾರು ಸಲ್ಲಿಸಿದರೂ ಹೋಟೆಲಿನವರು ಆ ಮೇಲನ್ನೇ ಮುಂದಿಡುತ್ತಾರೆ. ಸೇರಿರದಿದ್ದರೆ ನಿಮ್ಮ ಮಾತಿಗೆ ತೂಕವಿದೆ.

ಪಾರ್ಕಿಂಗ್ ವಿಷಯ ಬೇರೆ. ಕಾರಿಲ್ಲದೆಯೂ ಬರಬಹುದಾದ ಕಡೆ ಅದನ್ನು ಐಚ್ಛಿಕವೆಂದು ಕರೆಯಲು ಅವಕಾಶವಿದೆ. ಎಲ್ಲ ಪಾರ್ಕಿಂಗ್ ಶುಲ್ಕವನ್ನೂ ನಾನು ಸುಲಿಗೆ ಎನ್ನಲಾರೆ. ಯೂಟಾದ ಪಾರ್ಕ್ ಸಿಟಿ ಸ್ಕೀ ರೆಸಾರ್ಟಿನಲ್ಲಿ 2022ರ ಚಳಿಗಾಲದಿಂದ ಬೆಟ್ಟದ ಬುಡದ ಪಾರ್ಕಿಂಗ್ ಜಾಗಕ್ಕೆ 25 ಡಾಲರು ಹಾಕಿದರು, ಆದರೆ ಒಂದೇ ಕಾರಿನಲ್ಲಿ ನಾಲ್ವರು ಬಂದರೆ ಉಚಿತವೆಂದರು. ರಸ್ತೆಯ ದಟ್ಟಣೆ ಇಳಿಸುವ ಇಂಥ ಶುಲ್ಕಕ್ಕೆ ಒಂದು ಅರ್ಥವಿದೆ. ರಾತ್ರಿ ತಂಗಿದವರಿಂದ, ಬಸ್ಸಿನ ಸೌಕರ್ಯವನ್ನೂ ಕೊಡದೆ, 40 ಡಾಲರು ಪಡೆಯುವುದಕ್ಕೆ ಆ ಸಮರ್ಥನೆ ಒಪ್ಪುವುದಿಲ್ಲ.

ಲಾಕರಿನ ಬಗ್ಗೆ ಒಂದು ಮಾತು. ಅನೇಕ ಸ್ಕೀ ಲಾಡ್ಜುಗಳ ಕೆಳಮಹಡಿಯಲ್ಲಿ ಬೀಗವಿಲ್ಲದ ಮರದ ಗೂಡುಗಳು ಉಚಿತವಾಗಿ ಇರುತ್ತವೆ, ಮನೆಯ ಬುತ್ತಿ ಬಿಚ್ಚಿ ಉಣ್ಣಲು ಮೇಜುಗಳೂ ಇರುತ್ತವೆ. ಫಲಕ ಹಾಕಿರುವುದು ಅಪರೂಪ, ಕೌಂಟರಿನಲ್ಲಿ ಕೇಳಬೇಕು.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಪದೇ ಪದೇ ತಂಗುವವರಿಗೆ ಹೋಟೆಲ್ ಸಮೂಹಗಳು ಕೊಡುವ ಪಾಯಿಂಟುಗಳಿಂದ ಕೋಣೆ ಪಡೆದರೂ ರೆಸಾರ್ಟ್ ಫೀ ಕಟ್ಟಬೇಕೇ?

ಉತ್ತರ: ಅದು ಯಾವ ಹೋಟೆಲ್ ಸಮೂಹ ಎಂಬುದರ ಮೇಲೆ ಅವಲಂಬಿಸಿದೆ. ಪೂರ್ತಿ ಪಾಯಿಂಟುಗಳಲ್ಲೇ ತಂಗಿದರೆ ಹಿಲ್ಟನ್ ಮತ್ತು ಹಯಾತ್ ಅದನ್ನು ಬಿಡುತ್ತವೆ. ಮ್ಯಾರಿಯಟ್‌ನಲ್ಲಿ ಸಾಮಾನ್ಯವಾಗಿ ಕಟ್ಟಬೇಕಾಗುತ್ತದೆ.

ಮೊದಲ ಪ್ರಶ್ನೆ ಕೇಳಿದವರು: ಸರ್, ಮೇಲ್ ತೆಗೆದು ನೋಡಿದೆ. ಒಟ್ಟು ಎಂದು ಬರೆದ ಸಾಲಿನಲ್ಲಿ ಬಾಡಿಗೆ ಮತ್ತು ತೆರಿಗೆ ಮಾತ್ರ ಇವೆ. ರೆಸಾರ್ಟ್ ಫೀ ಎಂಬ ಪದವೇ ಎಲ್ಲಿಯೂ ಇಲ್ಲ.

ಉತ್ತರ: ಹಾಗಾದರೆ ಆ ಮೇಲ್ ಮತ್ತು ಬಿಲ್ಲು ಎರಡನ್ನೂ ಲಗತ್ತಿಸಿ ಹೋಟೆಲಿನ ಜನರಲ್ ಮ್ಯಾನೇಜರಿಗೆ ಬರೆಯಿರಿ, ಎರಡು ರಾತ್ರಿಯ 90 ಡಾಲರು ಮತ್ತು ಅದರ ಮೇಲೆ ಹಾಕಿದ ತೆರಿಗೆಯನ್ನು ಕೇಳಿ, ಉತ್ತರಕ್ಕೆ ಹತ್ತು ದಿನ ಕೊಡಿ. ಉತ್ತರ ಬರದಿದ್ದರೆ ಕಾರ್ಡ್ ಬ್ಯಾಂಕಿಗೆ ತಕರಾರು ಹಾಕಿ, ರಾಜ್ಯದ ಅಟಾರ್ನಿ ಜನರಲ್ ಕಚೇರಿಗೂ ಫೆಡರಲ್ ಟ್ರೇಡ್ ಕಮಿಷನ್ನಿಗೂ ದೂರು ಕೊಡಿ. ಕಮಿಷನ್ ಒಬ್ಬೊಬ್ಬರ ವ್ಯಾಜ್ಯವನ್ನು ಬಗೆಹರಿಸಿಕೊಡುವುದಿಲ್ಲವಾದರೂ, ಅದು ತನಿಖೆಗೆ ಇಳಿಯಲು ಇಂಥ ದೂರುಗಳು ನೆರವಾಗುತ್ತವೆ. ಪಾರ್ಕಿಂಗ್ ಮತ್ತು ಲಾಕರಿನ ಹಣವನ್ನು ಈ ಪತ್ರದಲ್ಲಿ ಬೆರೆಸಬೇಡಿ. ಬೆರೆಸಿದರೆ ಅವರು ಅವೆರಡಕ್ಕೆ ಮಾತ್ರ ಉತ್ತರ ಕೊಟ್ಟು ಸುಮ್ಮನಾಗುತ್ತಾರೆ.