ಕೊಡೆ ಹಿಡಿದು ನೀರು ಹಾಕುವವನು

ದಸರಾ ಮುಗಿದ ಮೇಲೆ ಕುವೆಂಪುನಗರದ ನಮ್ಮ ಗುಂಪಿಗೆ ಮಾತಿನ ಬರ ಬರುತ್ತದೆ. ಈ ಸಲ ಪುಟ್ಟಸ್ವಾಮಿ ಕಾಪಾಡಿದ. ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿ ಬಂದವನೇ ತಾರಸಿ ತುಂಬ ಕುಂಡ ಇಟ್ಟ. ದೊಡ್ಡಪತ್ರೆ, ಪುದೀನ, ಒಂದೆಲಗ, ತುಳಸಿ, ಕೊತ್ತಂಬರಿ. ಬೆಳಿಗ್ಗೆ ಎದ್ದ ಕೂಡಲೇ ಎಲ್ಲಕ್ಕೂ ನೀರು. ಹಿಂಗಾರು ಮಳೆ ಹೊಡೀತಾ ಇದ್ದರೂ ನೀರು.

"ಮಳೇಲಿ ಹೆಂಗಯ್ಯಾ ಹಾಕ್ತೀಯ?" ಅಂದ ಶೀನ.

"ಒಂದು ಕೈಲಿ ಕೊಡೆ, ಒಂದು ಕೈಲಿ ಚೊಂಬು."

"ಕೊಡೆ ಗಿಡಕ್ಕಾ?"

"ನನಗೆ ಕಣೋ! ನೆಗಡಿ ಆಗಲ್ವಾ?"

ಮೈಸೂರಲ್ಲಿ ಆಗಸ್ಟಿಗಿಂತ ಅಕ್ಟೋಬರಿನಲ್ಲೇ ಮಳೆ ಜಾಸ್ತಿ. ಇದು ಪುಟ್ಟಸ್ವಾಮಿಗೆ ಗೊತ್ತಿಲ್ಲ ಅಂತಲ್ಲ. ವ್ರತ ಅಂದರೆ ವ್ರತ.

ನಾಗರತ್ನಕ್ಕ ಮೆಲ್ಲಗೆ ಕೇಳಿದರು, "ದೊಡ್ಡಪತ್ರೆ ಹೇಗಿದೆಯಪ್ಪಾ?"

"ಬುಡ ಮೆತ್ತಗಾಗಿದೆ ಅಕ್ಕಾ. ನೀರು ಸಾಲದೇನೋ ಅಂತ ಇನ್ನೊಂದು ಚೊಂಬು ಹಾಕಿದೆ."

ಅಕ್ಕ ಕಣ್ಣು ಮುಚ್ಚಿಕೊಂಡರು. "ಅದರ ಎಲೆ ಮುಟ್ಟಿ ನೋಡಿದೀಯಾ? ದಪ್ಪಗೆ, ರಸ ತುಂಬಿರುತ್ತೆ. ತನಗೆ ಬೇಕಾದ ನೀರು ಅದರಲ್ಲೇ ಇರುತ್ತೆ. ಬೇರಿಗೆ ಗಾಳಿ ಆಡದಿದ್ದರೆ ಕೊಳೆಯದೆ ಇನ್ನೇನು? ಇನ್ನೂ ಗಟ್ಟಿಯಾಗಿರೋ ಕುಡಿ ಮುರಿದು ಬೇರೆ ಕುಂಡದಲ್ಲಿ ಚುಚ್ಚು, ಬೇರು ಬಿಡುತ್ತೆ. ಮಣ್ಣಿಗೆ ಬೆರಳು ತೂರಿಸಿ ನೋಡು, ಒಳಗೂ ಒಣಗಿದ್ದರೆ ಮಾತ್ರ ನೀರು. ಕುಂಡದ ಕೆಳಗಿನ ತಟ್ಟೆ ಎತ್ತಿಡು."

"ತಟ್ಟೆ ಚೆನ್ನಾಗಿದೆ ಅಂತ ತಂದಿದ್ದು."

"ಸೊಳ್ಳೆಗೂ ಹಾಗೇ ಅನ್ನಿಸಿರುತ್ತೆ," ಅಂದ ಶೀನ. "ಡೆಂಗಿ ಸೊಳ್ಳೆಗೆ ಇಂಥ ನಿಂತ ತಿಳಿನೀರೇ ಹೆರಿಗೆ ಮನೆ."

ಕೊತ್ತಂಬರಿಯದು ಇನ್ನೊಂದು ಕಥೆ. ಡಬ್ಬದಲ್ಲಿದ್ದ ಧನಿಯಾವನ್ನು ಹಾಗೇ ಹಾಕಿದ್ದಾನೆ. ಒಂದು ಕಾಳಿನಲ್ಲಿ ಎರಡು ಬೀಜ ಇರುತ್ತದೆ. ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಹಾಕಬೇಕು. ಆಮೇಲೂ ಮೊಳಕೆ ಬರೋಕೆ ವಾರ, ಹತ್ತು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ. ಇವನು ದಿನಾ ಮಣ್ಣು ಕೆದಕಿ ಕಾಳು ಹೊರಗೆ ತೆಗೆದು ನೋಡಿ ಮತ್ತೆ ಹೂಳುತ್ತಿದ್ದನಂತೆ. ಪಾಪ, ಆ ಕಾಳಿಗೆ ಮಲಗೋಕೂ ಬಿಡಲಿಲ್ಲ. ಕೊತ್ತಂಬರಿಗೆ ಇದೇ ಸರಿಯಾದ ಕಾಲ. ಬೇಸಿಗೆಯ ಬಿಸಿಲಿಗೆ ಅದು ಎಲೆ ಬಿಡೋದು ಬಿಟ್ಟು ಹೂವಿಗೆ ಹೋಗಿಬಿಡುತ್ತದೆ.

"ಇದು ಚೊಂಬು ಹಿಡಿಯೋ ಕಾಲ ಅಲ್ಲ, ಕತ್ತರಿ ಹಿಡಿಯೋ ಕಾಲ," ಅಂದರು ಅಕ್ಕ. "ಚಳಿ ಬಂದರೆ ಚಿಗುರು ನಿಧಾನ ಆಗುತ್ತೆ. ಅದಕ್ಕೆ ಮುಂಚೆ ಕುಡಿ ಚಿವುಟು. ತುಳಸಿ ತೆನೆ ತೆಗಿ, ಬೀಜ ಕಟ್ಟಿದರೆ ಎಲೆ ಸಣ್ಣಗಾಗುತ್ತೆ."

"ತುಳಸಿ ಚಿವುಟೋದಾ? ಪಾಪ ಬರಲ್ವಾ?"

"ಭಾನುವಾರ, ದ್ವಾದಶಿ ಬಿಟ್ಟು ಚಿವುಟು."

ಶೀನ ಬೆರಳು ಮಡಚಿದ. "ಭಾನುವಾರ ಆಗಿರಬಾರದು, ದ್ವಾದಶಿ ಆಗಿರಬಾರದು, ಮಳೆ ಇರಬಾರದು, ಇವನಿಗೆ ಮನಸ್ಸೂ ಬರಬೇಕು. ಅಷ್ಟರಲ್ಲಿ ತುಳಸಿ ಹಬ್ಬ ಬಂದು ನೆಲ್ಲಿ ಕೊಂಬೆ ಜೊತೆ ಮದುವೇನೇ ಆಗಿರುತ್ತೆ ಬಿಡಿ."

ಪುಟ್ಟಸ್ವಾಮಿಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ನಮ್ಮ ಮೇಲಲ್ಲ, ಪಕ್ಕದ ಮನೆ ಅಜ್ಜಿಯ ಮೇಲೆ. ಇವನ ಹಳೇ ಕರಿಬೇವಿನ ಕುಂಡ ತಾರಸಿಯ ಅಂಚಿನಲ್ಲಿದೆ. ಒಗ್ಗರಣೆ ಹೊತ್ತಿಗೆ ಅವರು ಆ ಕಡೆಯಿಂದ ಕೈ ಚಾಚಿ ಕುಡಿ ಸಮೇತ ಮುರಿದುಕೊಳ್ಳುತ್ತಾರಂತೆ. ಕ್ಯಾಮೆರಾ ಹಾಕಿಸ್ತೀನಿ ಅಂದ.

ಸರಿ, ನೋಡೇ ಬಿಡೋಣ ಅಂತ ಎಲ್ಲರೂ ಹತ್ತಿದೆವು. ಅಜ್ಜಿಯ ಕೈಗೆ ಸಿಗುವ ಬದಿ ಕವಲೊಡೆದು ದಟ್ಟವಾಗಿತ್ತು. ಪುಟ್ಟಸ್ವಾಮಿ ಜೋಪಾನ ಮಾಡಿದ ಬದಿ ಉದ್ದಕ್ಕೆ ಬೆಳೆದು, ತುದಿಯಲ್ಲಿ ನಾಲ್ಕೆಲೆ ಹೊತ್ತು ಬಾಗಿತ್ತು.

"ಸಂಬಳ ಇಲ್ಲದ ಮಾಲಿ ಅಂದರೆ ಇವರೇ ಕಣೋ," ಅಂದರು ಅಕ್ಕ. "ಕ್ಯಾಮೆರಾ ದುಡ್ಡಲ್ಲಿ ಅವರಿಗೆ ಸಾಸಿವೆ ತಂದುಕೊಡು."

ಪುಟ್ಟಸ್ವಾಮಿ ಮಾತಾಡಲಿಲ್ಲ. ಮರುದಿನ ನೋಡಿದರೆ ಕುಂಡ ತಿರುಗಿತ್ತು. ಸೊರಗಿದ ಬದಿ ಅಜ್ಜಿಯ ಕಡೆಗೆ. ತುಳಸಿ ಕುಂಡವೂ ಅಂಚಿಗೆ ಬಂದಿತ್ತು, ಪಾಪ ಬಂದರೆ ಅವರಿಗೇ ಬರಲಿ ಅಂತ.