ಅಪ್‌ಡೇಟ್: ಬೀದಿಯ ಕೊನೆಯ ಕಸದ ಗುಡ್ಡೆ ಏನಾಯಿತು

ಮಂಗಳೂರಿನ ನಮ್ಮ ಬೀದಿಯ ಕೊನೆಯಲ್ಲಿರುವ ಸರಕಾರಿ ಜಾಗದಲ್ಲಿ ಎಲ್ಲರೂ ಕಸ ಸುರಿಯುತ್ತಾರೆ, ಅದರ ಮೇಲೆಯೇ ಮಣ್ಣು ಹರಡಿ ಗಿಡ ನೆಡಬಹುದೇ ಎಂದು ಕಳೆದ ವರ್ಷ ಕೇಳಿದ್ದೆ. ಬೇಡ ಎಂದು ಗದರಿದವರಿಗೆ ಮೊದಲ ವಂದನೆ. ಅದು ಇಳಿಜಾರು. 2019ರ ಆಗಸ್ಟ್ ಮಳೆಗೆ ನಗರದ ಕಸ ಸುರಿಯುತ್ತಿದ್ದ ಪಚ್ಚನಾಡಿಯ ರಾಶಿ ಜಾರಿ ಪಕ್ಕದ ಮಂದಾರ ಎಂಬ ಊರಿನ ತೋಟಗಳನ್ನು ಮುಚ್ಚಿದ್ದು ಗೊತ್ತಿದ್ದ ನನಗೇ ಅದು ಹೊಳೆಯಬೇಕಿತ್ತು.

ಒಪ್ಪಿಗೆ ಸಿಗಲು ನಾಲ್ಕು ತಿಂಗಳು ಹೋಯಿತು, ಆ ಪುರಾಣ ಬೇಡ. ಎಂಟು ಭಾನುವಾರ ಕಸ ಹೆಕ್ಕಿದೆವು. ಅಡಿಯಲ್ಲಿ ಸಿಕ್ಕಿದ್ದು ಬರಿಯ ಮುರಕಲ್ಲು, ನಮ್ಮ ಕರಾವಳಿಯ ಕೆಂಪು ಕಲ್ಲು. ಲಾರಿಯಲ್ಲಿ ಮಣ್ಣು ತರಿಸೋಣ ಎಂದೆ. ಪಕ್ಕದ ಮನೆಯ ಅಜ್ಜಿ ನಕ್ಕರು: “ಕೇಪುಳಕ್ಕೆ ಯಾರು ಮಣ್ಣು ಹೊತ್ತು ಹಾಕಿದ್ದರು ಮಗಳೇ?” ಅಂಚಿನಲ್ಲಿ ಬದುಕುಳಿದಿದ್ದ, ಮುರಕಲ್ಲಿನಲ್ಲೇ ತಾವಾಗಿ ಬೆಳೆಯುವ ಕೇಪುಳ, ಕುಂಟಾಲದ ಕಾಡುಗಿಡಗಳನ್ನು ಹಾಗೆಯೇ ಬಿಟ್ಟು, ಹೊರದೇಶದಿಂದ ಬಂದ ಅಕೇಶಿಯಾ ಸಸಿಗಳನ್ನು ಮಾತ್ರ ಕಿತ್ತೆವು. ತುಳುನಾಡಿನಲ್ಲಿ ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ರೆಂಜೆ, ಹೊನ್ನೆ, ನೇರಳೆ ನೆಟ್ಟೆವು. ನಿಜ ಹೇಳಬೇಕೆಂದರೆ, ನೆಟ್ಟದ್ದಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು ನೀರು ಇಂಗಲೆಂದು ಇಳಿಜಾರಿಗೆ ಅಡ್ಡಲಾಗಿ ತೋಡಿದ ಕಣಿಗಳು. ಅವುಗಳ ಬದಿಯಲ್ಲಿ ನಾವು ನೆಡದ ಗಿಡಗಳೇ ಹೆಚ್ಚು ಎದ್ದಿವೆ.

ಇಂಟರ್‌ಲಾಕ್ ಹಾಸಿ, ಹುಲ್ಲುಹಾಸು ಮಾಡಿ, ಬೆಂಚು ಹಾಕೋಣ ಎನ್ನುವ ಗುಂಪು ಇನ್ನೂ ಸೋತಿಲ್ಲ. ನನಗಂತೂ ಒಂದು ಕಾಲುದಾರಿ ಸಾಕು. ರಾತ್ರಿ ಸ್ಕೂಟರಿನಲ್ಲಿ ಬಂದು ಚೀಲ ಎಸೆಯುವವರೂ ಸೋತಿಲ್ಲ; ಕಳೆದ ವಾರ ಮೂರು ಚೀಲ ಸಿಕ್ಕವು. ಮೊದಲು ದಿನಕ್ಕೇ ಅದರ ಹತ್ತರಷ್ಟು ಬೀಳುತ್ತಿತ್ತು.

ನಿನ್ನೆ ಸಂಜೆ ಮಕ್ಕಳು ನಾಲಗೆ ನೇರಳೆ ಮಾಡಿಕೊಂಡು ಬಂದರು. ಕುಂಟಾಲ ಹಣ್ಣಾಗಿದೆ.