ಅಪ್‌ಡೇಟ್: ಲಾರಿಗೆ ಕೊನೆಗೂ ಯಾವ ಆಯಿಲ್ ಹಾಕಿಸಿದೆ
ಮುಧೋಳ ಕಡೆ ಕಬ್ಬು ಸಾಗಿಸುವ ನಮ್ಮ 2014ರ ಲಾರಿಗೆ ಸಿಂಥೆಟಿಕ್ ಆಯಿಲ್ ಹಾಕಿಸಲಾ, ಮಾಮೂಲಿ ಮಿನರಲ್ ಸಾಕಾ ಅಂತ ಕೇಳಿದ್ದೆ ಅಲ್ವಾ? ಮಿನರಲ್ 15ಡಬ್ಲ್ಯೂ-40 (ಆಯಿಲ್ ಎಷ್ಟು ತೆಳು, ಎಷ್ಟು ಗಟ್ಟಿ ಅನ್ನೋ ಅಳತೆ) ಹಾಕಿಸಿದೆ. ಡಬ್ಬಿ ಮೇಲೆ ಸಿಐ-4 ಪ್ಲಸ್ (ಡೀಸೆಲ್ ಎಂಜಿನ್ ಆಯಿಲ್‌ನ ಗುಣಮಟ್ಟದ ದರ್ಜೆ) ಅಂತ ನೋಡಿಯೇ ತಗೊಂಡೆ.

ಸಿಂಥೆಟಿಕ್ ಚಳಿಯಲ್ಲಿ ಬೇಗ ಹರಿಯುತ್ತದೆ, ನಿಜ. ಆದರೆ ನಮ್ಮ ಬಾಗಲಕೋಟೆಯಲ್ಲಿ ಅಂಥ ಚಳಿ ಎಲ್ಲಿದೆ? ಬಿಸಿಗೆ ಜಾಸ್ತಿ ದಿನ ತಾಳುತ್ತದೆ ಅನ್ನೋದೂ ಸರಿಯೇ. ನಮ್ಮದು ಹೊಲದ ದಾರಿ, ಮೇಲೆ ಫ್ಯಾಕ್ಟರಿ ಗೇಟಲ್ಲಿ ಗಂಟೆಗಟ್ಟಲೆ ಎಂಜಿನ್ ಚಾಲೂ. ಧೂಳು, ಮಸಿ ಸೇರಿದ ಮೇಲೆ ಎಷ್ಟು ದುಬಾರಿ ಆಯಿಲ್ ಆದರೂ ಬದಲಿಸಲೇಬೇಕು. ಅದಕ್ಕೇ ಏರ್ ಫಿಲ್ಟರ್ ಕೂಡ ಹೊಸದು ಹಾಕಿಸಿದೆ. ಹಳೇದನ್ನು ಬಡಿದಾಗ ಮೇಸ್ತ್ರಿ ಮುಖವೆಲ್ಲ ಧೂಳು!

ತಮ್ಮನ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಗೆ ಮಾತ್ರ ಇದು ನಡೆಯಲ್ಲ. ಅದರಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ಇದೆ, ಅದು ಕಟ್ಟಿಕೊಳ್ಳದಿರಲು ಬೂದಿ ಕಮ್ಮಿ ಬಿಡುವ ಸಿಕೆ-4 ದರ್ಜೆಯ ಆಯಿಲೇ ಬೇಕು.